ಎಡಗೈಯ ಗಿಳಿ

ಬಲಗೈಗೆ ಹಾಕಿದ ಕೈಸರಪಳಿ ಹೇಳಿ ಮಾಡಿಸಿದ ಹಾಗೆ ಕೂತಿತು. ಎಡಗೈಗೆ ಹಾಕಿದ್ದು ಕೂರಲೇ ಇಲ್ಲ. ಹೆಬ್ಬೆರಳಿನ ದೊಡ್ಡ ಉಂಗುರ ಮದುಮಗಳ ಕಿರುಬೆರಳಿಗೆ ಬಂದು ಜೋತಾಡಿತು. ಕಿರುಬೆರಳಿನ ಪುಟ್ಟ ಉಂಗುರವೋ, ಹೆಬ್ಬೆರಳಿನ ಉಗುರನ್ನೂ ದಾಟಲಿಲ್ಲ. ಚೇರಂಬಾಣೆಯ ಕಾಫಿ ತೋಟದ ಯಜಮಾನ ಸಾಂತಪ್ಪನ ಮಗಳು ಸರೋಜಳ ಮದುವೆ ಮರುದಿನ ಬೆಳಿಗ್ಗೆ. ಅಂದು ಚಪ್ಪರದ ದಿನ. ಊಟ ಮುಗಿದ ಮೇಲೆ ಒಡವೆ ಹಾಕಿ ನೋಡೋಣವೆಂದು ಹೆಂಗಸರೆಲ್ಲ ಒಳಕೋಣೆಯಲ್ಲಿ ಸೇರಿದ್ದರು.

ಈ ಕೈಸರಪಳಿ ಎಂಬುದು ಆ ಮನೆತನದ ಹೆಮ್ಮೆ. ಮಣಿಕಟ್ಟಿಗೆ ಒಂದು ಕಡಗ, ಅಂಗೈಯ ಹಿಂಬದಿಗೆ ಚಿನ್ನದ ಬಿಲ್ಲೆ, ಬಿಲ್ಲೆಯಿಂದ ಐದು ಬೆರಳಿಗೂ ಐದು ಎಳೆ, ಎಳೆಯ ತುದಿಗೆ ಒಂದೊಂದು ಉಂಗುರ. ಬಿಲ್ಲೆಯ ಮೇಲೆ ಒಂದು ಗಿಳಿ. ಮದುಮಗಳು ಹಸೆಮಣೆಯಲ್ಲಿ ಕೂತು ಎರಡು ಕೈಯನ್ನೂ ಮಂಡಿಯ ಮೇಲಿಟ್ಟರೆ ಎರಡು ಗಿಳಿಗಳೂ ಮುಖಾಮುಖಿಯಾಗಬೇಕು. ಅಕ್ಕಿ ಹಾಕಿ ಹರಸುವ ಮುದುಕಿಯರು ತಮ್ಮ ಅರೆಭಾಷೆಯಲ್ಲಿ "ಗಿಳಿ ಮಾತಾಡ್ತಾ ಉಟ್ಟು", ಮಾತಾಡ್ತಾ ಇದೆ, ಎಂದು ನಗಬೇಕು. ಈಗ ನೋಡಿದರೆ ಎಡಗೈಯ ಗಿಳಿ ಬಲಗೈಯ ಗಿಳಿಗೆ ಬೆನ್ನು ಹಾಕಿ ಕೂತಿತ್ತು.

ತಲೆಕೆಳಗಾಗಿ ಹಾಕಿದ್ದೀರಿ ಎಂದು ಒಬ್ಬಳು ಹೇಳಿದಳು, ಎಳೆ ಸಿಕ್ಕಾಗಿದೆ ಎಂದು ಇನ್ನೊಬ್ಬಳು. ಹಾಗೆ ತೆಗೆದು, ಹೀಗೆ ಹಾಕಿ ಗದ್ದಲ ಮಾಡುತ್ತಿರುವಾಗ ಬಾಗಿಲಲ್ಲಿ ನಿಂತಿದ್ದ ಸಾಂತಪ್ಪ ದೊಡ್ಡ ದನಿಯಲ್ಲಿ, ಪೆಟ್ಟಿಗೆಯ ಕೀಲಿ ಪೂವಮ್ಮನ ಸೊಂಟದಲ್ಲಿತ್ತು, ಕೇಳುವುದಾದರೆ ಅವಳನ್ನೇ ಕೇಳಿ ಎಂದುಬಿಟ್ಟ. ಸಾಂತಪ್ಪನ ಅಕ್ಕ ಬೆಳ್ಳಮ್ಮ, ಶ್ರೀಮಂಗಲದಿಂದ ಬಂದವಳು, ಬಾಯಿಯ ಬಿರುಸಿಗೆ ಹೆಸರಾದವಳು, ಆ ಒಡವೆಯನ್ನು ಕಿತ್ತುಕೊಂಡು ಕೈಯಲ್ಲಿ ತೂಗಿ ನೋಡಿದಳು. ಹೊಸ್ತಿಲ ಕಲ್ಲಿಗೆ ಉಜ್ಜಿದಳು. ಮೇಲಿನ ಚಿನ್ನದ ಹೊಳಪು ಎದ್ದು ಒಳಗಿನ ಹಿತ್ತಾಳೆ ಹಲ್ಲು ಕಿಸಿಯಿತು.

ಆಮೇಲೆ ಕೇಳಬೇಕೇ. ಪೂವಮ್ಮ ಸಾಂತಪ್ಪನ ಸತ್ತುಹೋದ ತಮ್ಮನ ಹೆಂಡತಿ. ಸರೋಜಳ ತಾಯಿ ಗಂಗಮ್ಮ ಕೂಸನ್ನು ಹೆತ್ತು ಕೆಲವು ತಿಂಗಳಿಗೇ ಕಣ್ಣುಮುಚ್ಚಿದಾಗ ಆ ಕೂಸನ್ನು ಎತ್ತಿ ಸಾಕಿದವಳು ಇವಳೇ. ಅಂಥವಳ ಸೊಂಟದ ಕೀಲಿಯನ್ನು ಎಲ್ಲರೆದುರು ಕಿತ್ತುಕೊಂಡರು. ದೀಪ ಹಚ್ಚುವ ಮೊದಲು ಈ ಮನೆಯ ಹೊಸ್ತಿಲು ದಾಟಬೇಕು, ಕಳ್ಳಿಯ ನೆರಳು ಹಸೆಯ ಮೇಲೆ ಬೀಳಕೂಡದು ಎಂದು ಬೆಳ್ಳಮ್ಮ ಅಪ್ಪಣೆ ಕೊಡಿಸಿದಳು. ಸಾಂತಪ್ಪ ತಲೆ ತಗ್ಗಿಸಿ ಆಗಲಿ ಎಂದ.

ಇದೆಲ್ಲ ಒಳಗೆ ನಡೆಯುವಾಗ ಹೊರಗೆ ಚಪ್ಪರದಡಿ ಇಬ್ಬರು ನೆಂಟರು ಕಾಫಿ ಕುಡಿಯುತ್ತ ಕೂತಿದ್ದರು. ಕೂತಿದ್ದರು ಎಂದರೆ ಒಬ್ಬರು ಮಾತ್ರ. ಇನ್ನೊಬ್ಬ ಕೂಸಪ್ಪ, ಪೊಲೀಸು ಜಮಾದಾರನಾಗಿ ಪಿಂಚಣಿ ಪಡೆದವನು, ಕೂತಲ್ಲಿ ಕೂರಲಾರದ ಜೀವ. ಒಂದು ಗುಟುಕು ಕುಡಿದು ಎದ್ದು ನಾಲ್ಕು ಹೆಜ್ಜೆ ಅಲೆದು ಮತ್ತೆ ಬಂದು ಇನ್ನೊಂದು ಗುಟುಕು. ಕೂತಿದ್ದವರು ಮಹದೇವಪ್ಪ ಮೇಷ್ಟ್ರು. ಶಿರಂಗಾಲದ ಕಡೆಯವರು, ಮಡಿಕೇರಿಯ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು. ಬ್ರಿಟಿಷರ ಆ ಕಾಲದಲ್ಲಿ ಊರಿನಲ್ಲಿ ಏನು ಕಳವಾದರೂ ಜನ ಠಾಣೆಗೆ ಹೋಗುವ ಮೊದಲು ಮೇಷ್ಟ್ರ ಜಗಲಿಗೆ ಹೋಗುತ್ತಿದ್ದರು. ಅದು ಕೂಸಪ್ಪನಿಗೆ ನೌಕರಿಯಲ್ಲಿದ್ದಾಗ ಅವಮಾನ, ಪಿಂಚಣಿಯಾದ ಮೇಲೆ ಅಭಿಮಾನ. ಅವರು ಹೋದಲ್ಲೆಲ್ಲ ಇವನೂ ಇರಬೇಕು.

ಮೇಷ್ಟ್ರ ತಲೆಯಲ್ಲಿ ಆಗ ಕಳವೂ ಇರಲಿಲ್ಲ, ಮದುವೆಯೂ ಇರಲಿಲ್ಲ. ಮಕ್ಕಳಿಗಾಗಿ ಒಂದು ಚಿತ್ರಪಾಠದ ಪುಸ್ತಕ ಬರೆಯುತ್ತಿದ್ದರು. ಅದರಲ್ಲಿ ಇಂಗ್ಲಿಷಿನವರ 'ಸಿಮೆಟ್ರಿ'ಗೆ ಪಂಡಿತರೊಬ್ಬರು 'ಸಮ್ಮಿತಿ' ಎಂಬ ಶಬ್ದ ಕೊಟ್ಟಿದ್ದರು. ಶಬ್ದವೇನೋ ಸಿಕ್ಕಿತು, ಅದರ ಅರ್ಥ ಹೇಳುವುದು ಹೇಗೆ? ಮಡಿಕೇರಿಯಿಂದ ಬರುವಾಗ ಬಸ್ಸಿನಲ್ಲಿ ಶುರುವಾದ ಆ ರಾಗ ಇನ್ನೂ ನಿಂತಿರಲಿಲ್ಲ.

"ಅದರಲ್ಲಿ ಎಂತ ಉಂಟು ಮೇಷ್ಟ್ರೇ," ಎಂದ ಕೂಸಪ್ಪ. "ಎರಡು ಮಗ್ಗುಲೂ ಒಂದೇ ಥರ ಇದ್ರೆ ಸಮ್ಮಿತಿ. ಬರೆದು ಮುಗಿಸಿ."

"ಒಂದೇ ಥರ ಅಂದ್ರೆ ಕೆಟ್ಟಿತು ಕಣಯ್ಯ. ಹಾಗಂತ ಹೇಳಿಕೊಟ್ಟದ್ದಕ್ಕೇ ಹುಡುಗರು ಚಿಟ್ಟೆಗೆ ಎರಡೂ ಕಡೆ ಎಡರೆಕ್ಕೆನೇ ಬರ್ಕೊಂಡು ಬರ್ತಾರೆ."

ಅಷ್ಟರಲ್ಲಿ ಮದುಮಗಳೇ ಚಪ್ಪರಕ್ಕೆ ಬಂದಳು. ಹಸೆಗೆ ಕೂರುವ ಹುಡುಗಿ ಹೀಗೆ ಗಂಡಸರ ನಡುವೆ ಬರುವುದುಂಟೇ ಎಂದು ನೆಂಟರು ಕಣ್ಣರಳಿಸಿದರು. ಸರೋಜ ಯಾರನ್ನೂ ನೋಡಲಿಲ್ಲ. ಎರಡು ಕೈಸರಪಳಿಗಳನ್ನೂ ಮೇಷ್ಟ್ರ ಮುಂದಿಟ್ಟು, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು.

"ನನಗೆ ಚಿತ್ರ ಕಲಿಸಿದವರು ನೀವು. ಇದನ್ನೂ ಬಿಡಿಸಿ ಕೊಡಿ. ಚಿಕ್ಕಮ್ಮ ಈ ಮನೆಯಿಂದ ಹೋದ್ರೆ ನಾನು ಹಸೆಗೆ ಕೂರೋದಿಲ್ಲ. ಇದು ಹಟ ಅಲ್ಲ, ಹೇಳಿದ್ದೇನೆ ಅಷ್ಟೆ."

ಕೂಸಪ್ಪ ಕಾಫಿ ಲೋಟ ಕೆಳಗಿಟ್ಟ. ಪೂವಮ್ಮ ಅವನ ಚಿಕ್ಕಪ್ಪನ ಮಗಳು. ಈ ಮನೆಗೆ ಅವಳನ್ನು ಕೊಡಿಸಿದವನೇ ಅವನು. ಅವಳಿಗೆ ತವರು ಎಂದು ಉಳಿದಿದ್ದರೆ ಅದು ಇವನೊಬ್ಬನೇ, ಇವನಿಗೋ ಮಡಿಕೇರಿಯಲ್ಲಿ ಒಂದು ಬಾಡಿಗೆ ಕೋಣೆ. ಅದೂ ಹೋಗಲಿ, ಕಳ್ಳಿ ಎಂಬ ಹೆಸರು ಹೊತ್ತು ಬಂದವಳನ್ನು ಯಾವ ಊರು ಬದುಕಲು ಬಿಡುತ್ತದೆ? ಆದರೆ ಪಾಪಿ ಹೊಟ್ಟೆಯೊಳಗೆ ಇನ್ನೊಂದು ಹುಳವೂ ಕೊರೆಯುತ್ತಿತ್ತು. ಕೀಲಿ ಇದ್ದದ್ದು ಅವಳ ಹತ್ತಿರವೇ ತಾನೆ ಎಂದು ಒಳಗಿನ ಜಮಾದಾರ ಕೇಳುತ್ತಿದ್ದ. ಕೇಳುವ ಆ ದನಿಯ ಮೇಲೆ ಕೂಸಪ್ಪನಿಗೇ ಹೇಸಿಗೆಯಾಯಿತು.

ಮೇಷ್ಟ್ರು ಎರಡು ಒಡವೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಮಗುಚಿ ನೋಡಿದರು. ಹಿತ್ತಾಳೆಯ ಬಿಲ್ಲೆಯ ಹಿಂಬದಿಯಲ್ಲಿ ಅರದ ಗೀರುಗಳ ನಡುವೆ ಅಕ್ಕಿಕಾಳಿನಷ್ಟು ಸಣ್ಣ ಮೀನಿನ ಗುರುತೊಂದಿತ್ತು. ಅದನ್ನು ಕೂಸಪ್ಪನಿಗೂ ತೋರಿಸಿದರು. ಚಿನ್ನದ ಬಿಲ್ಲೆಯಲ್ಲಿ ಅಂಥದ್ದೇನೂ ಇರಲಿಲ್ಲ. ಆಮೇಲೆ ಎರಡು ಬಿಲ್ಲೆಗಳನ್ನೂ ಒಂದರ ಮೇಲೊಂದು ಇಟ್ಟರು. ಕೊಕ್ಕಿನ ಮೇಲೆ ಕೊಕ್ಕು, ಬಾಲದ ಮೇಲೆ ಬಾಲ, ಎಲ್ಲ ಕೂಡಿಬಂತು. ಹೂಂ ಎಂದರು, ಅಷ್ಟೆ.

ಪೂವಮ್ಮ ಹಿತ್ತಲ ಜಗಲಿಯಲ್ಲಿ ತನ್ನ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಅಳುತ್ತಿರಲಿಲ್ಲ. ಮೇಷ್ಟ್ರು ಮೆಲ್ಲಗೆ, ನೀನು ಮದುವೆಯಾಗಿ ಬಂದಾಗ ಇದನ್ನೇ ಹಾಕಿದ್ದೆಯಾ ಎಂದು ಕೇಳಿದರು. ಎರಡು ಕೈಗೂ ಹಾಕಿದ್ದೆ ಎಂದಳು. ಗಂಗಮ್ಮ ಸತ್ತಾಗಿನಿಂದ ಪೆಟ್ಟಿಗೆಯ ಕೀಲಿ ತನ್ನ ಹತ್ತಿರವೇ ಇತ್ತೆಂದೂ ಒಪ್ಪಿದಳು. ಬೇರೆ ಯಾರಾದರೂ ಕೀಲಿ ಕೇಳಿ ಪಡೆದಿದ್ದರೇ ಎಂದದ್ದಕ್ಕೆ ಗಂಟಿನ ತುದಿ ಬಿಗಿದಳೇ ಹೊರತು ಬಾಯಿ ಬಿಡಲಿಲ್ಲ.

"ಮಾತಾಡು ಮಾರಾಯ್ತಿ," ಎಂದು ಕೂಸಪ್ಪ ಗೋಗರೆದ. "ಸುಮ್ಮನಿದ್ರೆ ಒಪ್ಪಿದ ಹಾಗೆ ಆಗ್ತದೆ."

"ಒಪ್ಪಿದ ಹಾಗೇ ಆಗಲಿ ಅಣ್ಣ. ನಾನು ಹೇಳೋದು ಎಂತದ್ದೂ ಇಲ್ಲೆ."

ಅಲ್ಲಿಂದ ಬೆಳ್ಳಮ್ಮನ ಬಳಿಗೆ. ಅವಳ ಬಾಯಿ ಬಿಡಿಸುವುದು ಕಷ್ಟವಲ್ಲ, ಮುಚ್ಚಿಸುವುದು ಕಷ್ಟ. ತನ್ನ ಮದುವೆಗೂ ಇದೇ ಒಡವೆ, ಗಂಗಮ್ಮನಿಗೂ ಇದೇ, ಪೂವಮ್ಮನಿಗೂ ಇದೇ ಎಂದಳು. ಕೊನೆಯ ಸಲ ಹಾಕಿದ್ದು ಗಂಗಮ್ಮ ಸತ್ತ ದಿನ. ಮುತ್ತೈದೆಯಾಗಿ ಹೋದವಳನ್ನು ಮದುಮಗಳಂತೆ ಸಿಂಗರಿಸಿ ಕಳಿಸುವುದು, ಮಣ್ಣಿಗಿಡುವ ಮೊದಲು ಗಂಡನೇ ಒಡವೆ ಬಿಚ್ಚಿ ತರುವುದು ಆ ಮನೆತನದ ಕಟ್ಟಳೆ. ಒಡವೆ ಮನೆತನದ್ದು, ಯಾರೊಬ್ಬರದ್ದೂ ಅಲ್ಲ. ಹೊದಿಸಿದ ಬಟ್ಟೆಯೊಳಗೆ ಕೈ ಹಾಕಿ ಸಾಂತಪ್ಪನೇ ಬಿಚ್ಚಿದ, ವಸ್ತ್ರದಲ್ಲಿ ಕಟ್ಟಿ ತಂದು ಪೆಟ್ಟಿಗೆಯಲ್ಲಿಟ್ಟ. ಅಂದಿನಿಂದ ಆ ಮನೆಯಲ್ಲಿ ಮದುವೆಯೇ ನಡೆದಿರಲಿಲ್ಲ.

"ಎಡಗೈದು ಯಾವುದು, ಬಲಗೈದು ಯಾವುದು ಅಂತ ಹೇಗೆ ಗೊತ್ತಾಗುತ್ತೆ ತಾಯಿ?" ಎಂದು ಮೇಷ್ಟ್ರು ಕೇಳಿದರು.

ಬೆಳ್ಳಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ಒಂದು ಸಲ ಹಾಕ್ಕೊಂಡವಳಿಗೆ ಕಣ್ಣು ಕಟ್ಟಿ ಕೊಟ್ಟರೂ ಗೊತ್ತಾದೆ. ಗಂಡಸರಿಗೆ ಎಂತ ಗೊತ್ತುಟ್ಟು?"

ಮೇಷ್ಟ್ರು ಕೈ ಮುಗಿದು ಹೊರಬಂದರು. ಹೊತ್ತು ಇಳಿಯುತ್ತಿತ್ತು. ಕೂಸಪ್ಪನಿಗೆ ಮೈಯೆಲ್ಲ ತುರಿಕೆ ಬಂದವನ ಚಡಪಡಿಕೆ. ಅಕ್ಕಸಾಲಿಯನ್ನು ಹಿಡಿಯೋಣ, ಆಳುಗಳ ಲೈನುಮನೆಗಳನ್ನು ಶೋಧಿಸೋಣ, ವಿರಾಜಪೇಟೆಗೆ ಯಾರನ್ನಾದರೂ ಓಡಿಸೋಣ ಎಂದು ಅವನು ಒಂದೇ ಸಮನೆ ಹೇಳುತ್ತಿದ್ದರೆ, ಇವರು ನಡುಮನೆಯಲ್ಲಿ ನಿಂತು ಮದುವೆಗೆಂದು ತಂದ ಎರಡು ಎತ್ತರದ ದೀಪಗಳನ್ನು ನೋಡುತ್ತಿದ್ದರು. ಹೊಚ್ಚ ಹೊಸವು, ಥಳಥಳ ಹೊಳೆಯುತ್ತಿದ್ದವು. ಎಲ್ಲಿಯವು ಎಂದು ಕೇಳಿದರೆ, ಯಜಮಾನರೇ ಹೋದ ತಿಂಗಳು ವಿರಾಜಪೇಟೆಗೆ ಹೋಗಿ ಎರಕದವನಿಂದ ಮಾಡಿಸಿ ತಂದದ್ದು ಎಂದು ಕೆಲಸದ ಚೋಮ ಹೇಳಿದ. ಮೇಷ್ಟ್ರು ಒಂದು ದೀಪವನ್ನು ಓರೆ ಮಾಡಿ ಬುಡ ನೋಡಿದರು. ಕೂಸಪ್ಪನೂ ಬಗ್ಗಿ ನೋಡಿದ.

"ಮೇಷ್ಟ್ರೇ, ಇದು ಆ ಮೀನು."

"ಕಂಡಿತಲ್ಲ. ಇನ್ನು ಎಲ್ಲರನ್ನೂ ಕರಿ. ಗಂಡಿನ ಕಡೆಯ ಹಿರಿಯರನ್ನೂ ಕರಿ, ಇಲ್ದಿದ್ರೆ ನಾಳೆ ಊರಲ್ಲಿ ಬೇರೆ ಕತೆ ಹುಟ್ಟುತ್ತೆ."

ನಡುಮನೆ ತುಂಬಿತು. ಪೂವಮ್ಮ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿಯೇ ನಿಂತಳು. ದೀಪಗಳಿಗೆ ಎಣ್ಣೆ ಹೊಯ್ದಾಗಿತ್ತು, ಹಚ್ಚಿರಲಿಲ್ಲ. ಮೇಷ್ಟ್ರು ಹರಿವಾಣದಿಂದ ಒಂದು ವೀಳ್ಯದೆಲೆ ತೆಗೆದುಕೊಂಡು ನಡುನರದ ಮೇಲೆ ಮಡಿಸಿದರು.

"ನೋಡಿ, ಈ ಅರ್ಧ ಆ ಅರ್ಧದ ಮೇಲೆ ಕೂತಿತು. ಇದಕ್ಕೆ ಪಂಡಿತರು ಸಮ್ಮಿತಿ ಅಂತಾರೆ. ನಮ್ಮ ಜಮಾದಾರರು ಎರಡು ಕಡೆಯೂ ಒಂದೇ ಥರ ಅಂತಾರೆ. ಒಂದೇ ಥರ ಅಲ್ಲ. ಒಂದು ಇನ್ನೊಂದಕ್ಕೆ ಎದುರು ನಿಂತ ಹಾಗೆ, ಕನ್ನಡಿ ಹಿಡಿದ ಹಾಗೆ."

ಗಂಡಿನ ಕಡೆಯ ಹಿರಿಯನೊಬ್ಬ, ಕಳವಿನ ಮಾತು ಬಿಟ್ಟು ಎಲೆಯ ಮಾತು ಯಾಕೆ ಎಂದು ಗೊಣಗಿದ.

"ಎಲೆಯ ಮಾತೇ ಕಳವಿನ ಮಾತು," ಎಂದರು ಮೇಷ್ಟ್ರು. ದೀಪದ ಕಡೆ ಕೈ ತೋರಿಸಿದರು. ದೀಪದ ಎಡಮಗ್ಗುಲೂ ಬಲಮಗ್ಗುಲೂ ಅದರೊಳಗೇ ಹೊಂದಿಕೊಂಡಿವೆ. ಹಾಗಾಗಿ ಒಂದು ದೀಪಕ್ಕೆ ಜೋಡಿ ಬೇಕೆಂದರೆ ಅಂಥದ್ದೇ ಇನ್ನೊಂದನ್ನು ಎರಕ ಹೊಯ್ದರೆ ಮುಗಿಯಿತು. ಕೈ ಹಾಗಲ್ಲ. ಒಂದು ಕೈಯೊಳಗೆ ಸಮ್ಮಿತಿಯಿಲ್ಲ, ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದಕ್ಕೆ ಕಿರುಬೆರಳು. ಎರಡು ಕೈ ಎದುರುಬದುರಾದಾಗಲೇ ಅದು ಬರುವುದು. ಬಲಗೈಯಂಥದ್ದೇ ಇನ್ನೊಂದು ಕೈ ಮಾಡಿದರೆ ಎಡಗೈ ಆಗುವುದಿಲ್ಲ, ಎರಡನೆಯ ಬಲಗೈ ಆಗುತ್ತದೆ.

"ಈ ಹಿತ್ತಾಳೆಯದ್ದು ಎರಡನೇ ಬಲಗೈ. ಬಲಗೈಯ ಚಿನ್ನದ ಬಿಲ್ಲೆಯಿಂದಲೇ ಅಚ್ಚು ತೆಗೆದದ್ದು. ಕಳ್ಳ ಎಡಗೈದನ್ನು ಕದ್ದು ಅದರ ನಕಲು ಮಾಡಿಸಿದ್ದರೆ ನಕಲೂ ಎಡಗೈದೇ ಆಗ್ತಿತ್ತು. ಆಗಲಿಲ್ಲ. ಯಾಕೆ? ಮಾಡಿದವನು ಎಡಗೈದನ್ನು ಕಣ್ಣಲ್ಲೂ ನೋಡಿರಲಿಲ್ಲ. ಮಾಡಿಸಿದವರ ಹತ್ತಿರ ಅದು ಇರಲೇ ಇಲ್ಲ. ಅಂದರೆ ಎಡಗೈದು ಹೋದದ್ದು ಈಗ ಅಲ್ಲ, ಯಾವತ್ತೋ."

ಹಾಗಾದರೆ ಕೀಲಿ ಇಟ್ಟುಕೊಂಡವಳ ಮೇಲೇ ಮತ್ತೆ ಬರುವುದಿಲ್ಲವೇ ಎಂದು ಕೂಸಪ್ಪ ಬಾಯಿ ಬಿಟ್ಟು ಕೇಳಲಾರದ್ದನ್ನು ಬೆಳ್ಳಮ್ಮನೇ ಕೇಳಿದಳು.

"ನಿಮ್ಮ ಮಾತಿನಿಂದಲೇ ಅವಳು ಬಿಡುಗಡೆಯಾದಳು ತಾಯಿ. ಒಂದು ಸಲ ಹಾಕಿಕೊಂಡವಳಿಗೆ ಕಣ್ಣು ಕಟ್ಟಿ ಕೊಟ್ಟರೂ ಗೊತ್ತಾಗುತ್ತೆ ಅಂದಿರಿ. ಪೂವಮ್ಮ ಹಾಕಿಕೊಂಡವಳು, ನೀವೂ ಹಾಕಿಕೊಂಡವರು. ಮಾಡಿಸಿದ್ದು ನೀವಿಬ್ಬರಲ್ಲಿ ಒಬ್ಬರಾಗಿದ್ರೆ, ಹೆಬ್ಬೆರಳು ಈ ಕಡೆ ಬರಲಿ, ಗಿಳಿ ತಿರುಗಿ ಕೂರಲಿ ಅಂತ ಮೊದಲು ಹೇಳ್ತಿದ್ರಿ. ಇದಕ್ಕೊಂದು ಜೋಡಿ ಕೊಡು, ಇಂಥದ್ದೇ ಇರಲಿ ಅಂದವರು ಗಂಡಸರು. ಅಕ್ಕಸಾಲಿಯ ಹತ್ತಿರ ಹೋಗಿದ್ರೂ ಅವನು ಯಾವ ಕೈಗೆ ಅಂತ ಕೇಳ್ತಿದ್ದ. ಇವರು ಹೋದದ್ದು ದೀಪ ಮಾಡುವವನ ಹತ್ತಿರ. ಅವನು ದೀಪಕ್ಕೆ ಜೋಡಿ ಮಾಡಿದ ಹಾಗೆಯೇ ಮಾಡಿದ. ಮೋಸ ಅಂತ ಅವನಿಗೆ ಗೊತ್ತಿಲ್ಲ, ತನ್ನ ಮೀನಿನ ಗುರುತನ್ನೂ ಹೊಡೆದ."

ಮೇಷ್ಟ್ರು ದೀಪವನ್ನು ಎತ್ತಿ ಬುಡ ತೋರಿಸಲಿಲ್ಲ. ಅದರ ಅಗತ್ಯ ಬೀಳಲಿಲ್ಲ. ಸಾಂತಪ್ಪ ಗೋಡೆಗೆ ಒರಗಿಬಿಟ್ಟಿದ್ದ. ಈ ಮನೆಯಲ್ಲಿ ಕಾರಣ ಹೇಳದೆ ಕೀಲಿ ಕೇಳಿ ಪಡೆಯಬಲ್ಲ ಗಂಡಸು ಅವನೊಬ್ಬನೇ. ವಿರಾಜಪೇಟೆಯ ದೀಪ ತಂದವನೂ ಅವನೇ. ಒಳಕೋಣೆಯಲ್ಲಿ ಹೆಂಗಸರು ಇನ್ನೂ ತಲೆಕೆಳಗೋ ಸಿಕ್ಕೋ ಎಂದು ನೋಡುತ್ತಿದ್ದಾಗ, ಒಡವೆ ಕಳವಾಗಿದೆಯೆಂದು ಯಾರೂ ಎಣಿಸುವ ಮೊದಲೇ, ಕೀಲಿ ಯಾರ ಬಳಿ ಇತ್ತೆಂದು ಕೂಗಿ ಹೇಳಿದವನೂ ಅವನೇ. ಇದನ್ನೆಲ್ಲ ಮೇಷ್ಟ್ರು ತಣ್ಣಗೆ ಒಂದೊಂದಾಗಿ ಹೇಳಿದರು. ಕೊನೆಗೆ, ನಿಜವಾದ ಎಡಗೈದು ಎಲ್ಲಿದೆ ಎಂಬುದನ್ನು ಮಾತ್ರ ಯಜಮಾನರೇ ಹೇಳಬೇಕು ಎಂದರು.

"ಕೇಳ್ಬೇಡಿ ಮೇಷ್ಟ್ರೇ." ಬಾಗಿಲಿನಿಂದ ಪೂವಮ್ಮನ ದನಿ. "ಇಷ್ಟು ಸಾಕು. ನಾನು ಹೋಗ್ತೇನೆ, ಅದನ್ನು ಕೇಳ್ಬೇಡಿ."

ಸಾಂತಪ್ಪ ತಲೆ ಎತ್ತಿ ಅವಳನ್ನು ನೋಡಿದ. ಹಾಗೆ ನೋಡುತ್ತಲೇ ಕುಸಿದು ಕೂತ. ಆಮೇಲೆ ಅವನು ಹೇಳಿದ್ದನ್ನು ಕೂಸಪ್ಪ ಸಾಯುವವರೆಗೂ ಮರೆಯಲಿಲ್ಲ. ಜ್ವರದಲ್ಲಿ ಹೋದ ಗಂಗಮ್ಮನ ಕೈ ಬಾತಿತ್ತು. ಬಲಗೈದು ಹೇಗೋ ಬಂತು, ಎಡಗೈದು ಬರಲಿಲ್ಲ. ಎಳೆ ಕತ್ತರಿಸಿ ಎಳೆಯಿರಿ, ಹೊತ್ತಾಯಿತು ಎಂದು ಹಿರಿಯರು ಅವಸರಪಡಿಸಿದರು. ಉಂಗುರ ಎಳೆದರೆ ಬೆರಳಿನ ಚರ್ಮ ಜೊತೆಗೆ ಬರುತ್ತಿತ್ತು. ಅವನಿಂದ ಆಗಲಿಲ್ಲ. ಆ ಕೈಯನ್ನು ಬಟ್ಟೆಯೊಳಗೆ ಮುಚ್ಚಿ, ಬಿಚ್ಚಿದೆ ಎಂದು ಸುಳ್ಳು ಹೇಳಿ, ಒಂದನ್ನೇ ಎರಡೆಂಬಂತೆ ಕಟ್ಟಿ ತಂದ. ಮನೆತನದ ಚಿನ್ನವನ್ನು ಹೆಂಡತಿಯ ಜೊತೆ ಮಣ್ಣಿಗೆ ಕೊಟ್ಟೆನೆಂದು ಹೇಳುವ ಧೈರ್ಯ ಅಂದೂ ಇರಲಿಲ್ಲ, ಇಂದೂ ಇರಲಿಲ್ಲ.

"ನಿನಗೆ ಗೊತ್ತಿತ್ತಾ ಪೂವಿ?"

"ಒಡವೆಯ ಗಂಟು ಕೈಗೆ ತಕ್ಕೊಂಡ ದಿನವೇ ಗೊತ್ತಾಗಿತ್ತು ಭಾವ. ಹೇಳಿದ್ರೆ ಅಕ್ಕನ ಮಣ್ಣು ಅಗೀತಿದ್ರು."

"ಇವತ್ತು ನಾನು ನಿನ್ನ ಹೆಸರು ಹೇಳಿದಾಗಲೂ?"

ಪೂವಮ್ಮ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಕೂಸಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಈ ತಂಗಿಯ ಮೇಲೆ ತನಗೂ ಒಂದು ಗಳಿಗೆ ಸಂಶಯ ಬಂತಲ್ಲ ಎಂದು ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಸಾಂತಪ್ಪ ಎದ್ದು, ಎಲ್ಲರೂ ನೋಡುತ್ತಿರುವಂತೆಯೇ, ತಮ್ಮನ ಹೆಂಡತಿಯ ಕಾಲಿಗೆ ಬಾಗಿದ. ಕೀಲಿಯನ್ನು ಮುಂದೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಅಲ್ಲಿಡಿ," ಎಂದು ಕಿಟಕಿಯ ಕಟ್ಟೆ ತೋರಿಸಿದಳು.

ಬೆಳ್ಳಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾರೂ ಕೇಳದಿದ್ದರೂ, ಮಣ್ಣಿಗೆ ಹೋದದ್ದನ್ನು ಈ ಮನೆಯಲ್ಲಿ ಯಾರೂ ಅಗೆಯಕೂಡದು ಎಂದು ಅಪ್ಪಣೆ ಮಾಡಿದಳು. ಮಧ್ಯಾಹ್ನದ ಅಪ್ಪಣೆಯ ದನಿಯೇ. ಗಂಡಿನ ಕಡೆಯ ಹಿರಿಯನೂ ಹೌದೆಂದ. ಪೂವಮ್ಮನ ಕಂಕುಳಿನ ಗಂಟನ್ನು ಸರೋಜ ಕಿತ್ತುಕೊಂಡು ಒಳಗೆ ಹೋದಳು. ಆಮೇಲೆ ದೀಪ ಹಚ್ಚಿದರು. ಕೀಲಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು, ಆ ಕಡೆ ಸುಳಿದವರೆಲ್ಲ ಅದನ್ನು ನೋಡದ ಹಾಗೆ ಸುಳಿದರು.

ಬೆಳಿಗ್ಗೆ ಒಡವೆ ತೆಗೆಯುವ ಹೊತ್ತಾಯಿತು. ಸರೋಜ ತಲೆ ಬಾಚಿಸಿಕೊಂಡು, ಸೀರೆ ಉಟ್ಟು, ಪೆಟ್ಟಿಗೆಯ ಮುಂದೆ ಕೂತುಬಿಟ್ಟಳು. ಚಿಕ್ಕಮ್ಮನ ಕೈಯಿಂದಲ್ಲದೆ ಒಂದು ಮೂಗುತಿಯನ್ನೂ ಹಾಕಿಸಿಕೊಳ್ಳುವುದಿಲ್ಲ ಎಂದಳು. ವಿಧವೆಯ ಕೈಯಿಂದ ಮದುಮಗಳಿಗೆ ಒಡವೆಯೇ ಎಂದು ಯಾರೋ ಹೇಳಹೊರಟವರು ಬೆಳ್ಳಮ್ಮನ ಕಣ್ಣು ನೋಡಿ ಅರ್ಧಕ್ಕೇ ನುಂಗಿಕೊಂಡರು. ಪೂವಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಕಿಟಕಿಯ ಕಡೆ ನಡೆದು, ಕೀಲಿ ಎತ್ತಿ, ಮೊದಲಿನಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಗಿಲಾಚೆ ನಿಂತಿದ್ದ ಸಾಂತಪ್ಪ ಅದನ್ನು ನೋಡಿದ.

ಪೆಟ್ಟಿಗೆ ತೆಗೆದಳು. ಬಲಗೈಗೆ ಚಿನ್ನದ ಕೈಸರಪಳಿ ಹಾಕಿದಳು. ಐದು ಬೆರಳಿಗೂ ಉಂಗುರ ಏರಿಸಿ ಗಿಳಿಯನ್ನು ನೇರ ಮಾಡಿದಳು. ಸರೋಜ ಅಭ್ಯಾಸದಂತೆ ಎಡಗೈಯನ್ನೂ ಚಾಚಿದಳು. ಹಾಕಲು ಏನೂ ಇರಲಿಲ್ಲ.

"ಈ ಕೈದು ಅಮ್ಮನ ಹತ್ರ ಇರಲಿ," ಎಂದಳು ಸರೋಜ. "ಕೈ ನೀವು ಹಿಡ್ಕೊಂಡಿರಿ."

ಹಸೆಮಣೆಯ ಎಡಕ್ಕೆ ಪೂವಮ್ಮ ಕೂತಳು, ಆ ಬರಿಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು. ಅಕ್ಕಿ ಹಾಕಲು ಬಂದ ಮುದುಕಿಯರು ಒಂಟಿ ಗಿಳಿಯನ್ನು ನೋಡಿದರು, ಅವಳನ್ನು ನೋಡಿದರು, ಇಬ್ಬರ ತಲೆಯ ಮೇಲೂ ಅಕ್ಕಿ ಹಾಕಿ ಹೋದರು. ಕೂಸಪ್ಪ ಚಪ್ಪರದ ಕಂಬ ಹಿಡಿದು ನಿಂತಿದ್ದ. ಆ ದಿನ ಅವನು ನಿಂತಲ್ಲಿಂದ ಕದಲಲಿಲ್ಲ.